ಜೋಡಿಪಾಠದ ಮಾದೇವಿ

ಪುಕ್ಕಟೆಯಾಗಿ ಸಿಗುವ ಪಾಠವನ್ನು ಜನ ಯಾಕೆ ಅರ್ಧಕ್ಕೆ ಬಿಡುತ್ತಾರೆ ಎಂದು ಜ್ಞಾನಾಂಗಣದ ವಿಜ್ಞಾನಿಗಳು ಬಹಳ ವರ್ಷ ತಲೆ ಕೆಡಿಸಿಕೊಂಡಿದ್ದರು. ಯಾರು ಬೇಕಾದರೂ ಏನು ಬೇಕಾದರೂ ಮನೆಯಲ್ಲೇ ಕುಳಿತು ಕಲಿಯಬಹುದಾಗಿದ್ದ ಕಾಲ ಅದು. ಒಳ್ಳೆಯ ಮೇಷ್ಟರುಗಳು, ಚಿತ್ರಗಳು, ಲೆಕ್ಕಗಳು ಎಲ್ಲವೂ ಅಂಗೈಯಗಲದ ಒಂದು ಹಲಗೆಯೊಳಗೆ ಬರುತ್ತಿದ್ದವು. ಆದರೂ ಊರಿಗೆ ಊರೇ ಸೇರಿಕೊಂಡರೂ ಮುಗಿಸುತ್ತಿದ್ದವರು ಬೆರಳೆಣಿಕೆಯ ಜನ. ಕೊನೆಗೆ ವಿಜ್ಞಾನಿಗಳಿಗೆ ತಿಳಿದದ್ದು ಇಷ್ಟು: ತನಗಾಗಿ ಯಾರೋ ಕಾಯುತ್ತಿದ್ದಾರೆ ಎಂದು ಗೊತ್ತಿದ್ದರೆ ಮನುಷ್ಯ ಮಾರನೆಯ ದಿನವೂ ಬಂದು ಕೂರುತ್ತಾನೆ. ಹಾಗಾಗಿ ಅವರು ಜೋಡಿಪಾಠವನ್ನು ತಂದರು. ಮುಖ ನೋಡದ ಇಬ್ಬರನ್ನು ಒಂದೇ ಪಾಠಕ್ಕೆ ಕಟ್ಟುವುದು. ಒಬ್ಬರು ಲೆಕ್ಕ ಒಪ್ಪಿಸದಿದ್ದರೆ ಇನ್ನೊಬ್ಬರಿಗೂ ಮುಂದಿನ ಪಾಠ ತೆರೆಯದು. ದಿನಕ್ಕೊಮ್ಮೆ ಇಬ್ಬರೂ ಹಲಗೆಯ ಮುಂದೆ ನಾಲ್ಕು ಮಾತಾಡಿ ಒಬ್ಬರಿಗೊಬ್ಬರು ಕಳಿಸಬೇಕು.

ಅರಸೀಕೆರೆಯ ಜಲಜಾಕ್ಷಮ್ಮ ಈ ಜೋಡಿಪಾಠಕ್ಕೆ ಸೇರಿದ್ದು ಗಂಡನ ತಿಥಿಯ ಸಲುವಾಗಿ.

ಅವರ ಯಜಮಾನರು ಶೇಷಗಿರಿರಾಯರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಹಿಂದಿನ ದಿನ ಏಕಾದಶಿಯ ಉಪವಾಸ ಮಾಡಿ, ಅಂದು ಬೆಳಿಗ್ಗೆ ಪಾರಣೆ ಮುಗಿಸಿ, ಸಂಜೆ ಜಗುಲಿಯ ಮೇಲೆ ಕುಳಿತಿದ್ದರು. ಸ್ಟೇಷನ್ನಿಗೆ ರೈಲು ಬಂದ ಸದ್ದು ಕೇಳಿಸಿತು. ಗಡಿಯಾರ ನೋಡಿ, “ಐದು ನಲವತ್ತು. ಇವತ್ತು ಸರಿಯಾದ ಹೊತ್ತಿಗೆ ಬಂತು” ಎಂದರು. ಆಮೇಲೆ ಮಾತಾಡಲಿಲ್ಲ.

ಸಾವು ಬಂದ ಹೊತ್ತು ಹೀಗೆ ಸ್ಪಷ್ಟವಾಗಿಯೇ ಇತ್ತು. ತಕರಾರು ಬಂದದ್ದು ತಿಥಿಯಲ್ಲಿ. ಒಂದು ಪಂಚಾಂಗದ ಪ್ರಕಾರ ಅಂದು ದ್ವಾದಶಿ ಐದು ಗಂಟೆಗೆ ಮೊದಲೇ ಕಳೆದು ತ್ರಯೋದಶಿ ಹತ್ತಿತ್ತು. ಇನ್ನೊಂದರ ಪ್ರಕಾರ ರಾತ್ರಿ ಎಂಟರ ತನಕ ದ್ವಾದಶಿಯೇ. ಮಠದ ಆಚಾರ್ಯರು ಒಂದನ್ನು ಹಿಡಿದರು, ಮನೆಗೆ ಬರುವ ಪುರೋಹಿತರು ಇನ್ನೊಂದನ್ನು. ಇಬ್ಬರೂ ತಿಳಿದವರೇ. ಜಲಜಾಕ್ಷಮ್ಮ ದೇವರ ಮುಂದೆ ಕುಳಿತು ಅತ್ತರು. ನಲವತ್ತು ವರ್ಷ ಹೊತ್ತು ತಪ್ಪದೆ ಊಟಕ್ಕೆ ಬಡಿಸಿದ ಕೈ, ವರ್ಷಾಬ್ದಿಕಕ್ಕೆ ತಪ್ಪು ತಿಥಿಯಲ್ಲಿ ಎಲೆ ಹಾಕಿದರೆ ಆ ಮನುಷ್ಯ ಬಂದು ಬರಿ ಎಲೆ ನೋಡಿ ಹೋಗುವುದಿಲ್ಲವೆ? ಹಾಗಾದರೆ ತಾನೇ ಕಲಿತು, ತಾನೇ ಲೆಕ್ಕ ಹಾಕಿ ತಿಳಿಯುತ್ತೇನೆ ಎಂದು ನಿಶ್ಚಯಿಸಿ ‘ಸೂರ್ಯಚಂದ್ರರ ಗತಿ’ ಎಂಬ ಪಾಠಕ್ಕೆ ಹೆಸರು ಕೊಟ್ಟರು. ಹಳೆಯ ಕಾಲದ ಇಂಟರ್ ಮೀಡಿಯೆಟ್ಟಿನಲ್ಲಿ ಓದಿದ ಗಣಿತ ಅಷ್ಟಿಷ್ಟು ನೆನಪಿತ್ತು.

“ಪುಕ್ಕಟೆ ಕೊಡೋವ್ರು ಏನಾದ್ರೂ ಒಂದು ಕಿತ್ಕೊಳ್ದೆ ಬಿಡಲ್ಲ ಕಣಕ್ಕ,” ಎಂದರು ಜೊತೆಯಲ್ಲೇ ಇದ್ದ ವಾರಗಿತ್ತಿ ಸುಬ್ಬಲಕ್ಷ್ಮಮ್ಮ. ಜಲಜಾಕ್ಷಮ್ಮನಿಗಿಂತ ಎಂಟು ವರ್ಷ ಚಿಕ್ಕವರು, ಮಾತಿನಲ್ಲಿ ಎಂಟು ವರ್ಷ ದೊಡ್ಡವರು.

“ನನ್ನ ಹತ್ರ ಕಿತ್ಕೊಳ್ಳೋಕೆ ಏನಿದೆ ಸುಬ್ಬು?”

“ಏನಿದೆ ಅಂತ ಅವರಿಗೆ ಗೊತ್ತಿರತ್ತೆ. ನಮಗೆ ಗೊತ್ತಿರಲ್ಲ, ಅಷ್ಟೇ.”

ಜೋಡಿಯಾಗಿ ಸಿಕ್ಕವಳು ಮಾದೇವಿ ಹರಿಕಂತ್ರ. ಹೊನ್ನಾವರದ ಹತ್ತಿರ ಮೀನುಗಾರರ ಕೇರಿಯವಳು. ಬಂದರಿನಲ್ಲಿ ಉಬ್ಬರ ಇಳಿತ ಅಳೆಯುವ ಕೆಲಸಕ್ಕೆ ಈ ಪಾಠದ ಪ್ರಮಾಣಪತ್ರ ಬೇಕಿತ್ತಂತೆ. ಒಬ್ಬರಿಗೆ ಚಂದ್ರ ಬೇಕಾದದ್ದು ಪಿತೃಕಾರ್ಯಕ್ಕೆ, ಇನ್ನೊಬ್ಬಳಿಗೆ ಸಮುದ್ರಕ್ಕೆ. ಹಲಗೆಯಿಂದ ಬರುತ್ತಿದ್ದ ಅವಳ ದನಿ ತೊಳೆದ ಲೋಟದ ಹಾಗೆ ಇರುತ್ತಿತ್ತು. “ನಮಸ್ಕಾರ ಅಮ್ಮ. ಇಂದಿನ ಪಾಠ ನನಗೆ ಬಹಳ ಹಿಡಿಸಿತು. ನಿಮ್ಮಿಂದ ನನಗೆ ಧೈರ್ಯ ಬರುತ್ತದೆ. ಹೋಗಿ ಬರ್ತೀನಿ, ನಾಳೆ ಸಿಗೋಣ.” ದಿನವೂ ಕೊನೆಗೆ ಈ ಮಾತು ಬಂದೇ ಬರುತ್ತಿತ್ತು. ಮೊದಮೊದಲು ಜಲಜಾಕ್ಷಮ್ಮನಿಗೆ ಅದು ಹಿತವಾಗಿಯೇ ಇತ್ತು. ಸಂಧ್ಯಾದೀಪ ಹಚ್ಚಿ ಹಲಗೆಯ ಮುಂದೆ ಕೂತರೆ, ಎಲ್ಲೋ ಒಬ್ಬಳು ತನಗೋಸ್ಕರ ಕಾದಿದ್ದಾಳೆ ಎನ್ನಿಸುತ್ತಿತ್ತು. ಪಾಠಗಳು ಒಂದೊಂದಾಗಿ ಮುಗಿದವು. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ ಕಳೆಯಿತು ಎಂಬುದನ್ನು ಕಲಿತ ದಿನ ಆಕೆ ದೇವರಿಗೆ ಹಾಲು ಸಕ್ಕರೆ ನೈವೇದ್ಯ ಮಾಡಿದರು.

ಯಾತಕ್ಕೆ ಕಲಿಯುತ್ತಿದ್ದೇನೆ ಎಂಬುದನ್ನು ಮಾತ್ರ ಬಹಳ ದಿನ ಹೇಳಿರಲಿಲ್ಲ. ಸಾವಿನ ಮಾತು ಕಂಡವರ ಮುಂದೆ ಆಡುವಂಥದ್ದಲ್ಲ. ವರ್ಷಾಬ್ದಿಕಕ್ಕೆ ಇನ್ನೇನು ತಿಂಗಳಿದೆ ಎನ್ನುವಾಗ ಆಕೆ ಗಂಡ ತೀರಿಕೊಂಡ ಹೊತ್ತನ್ನು ಕೋಷ್ಟಕದಲ್ಲಿಟ್ಟು ಸೂರ್ಯಚಂದ್ರರ ಅಂತರ ಕಂಡುಹಿಡಿದರು. ತ್ರಯೋದಶಿ ಬಂತು. ಪಾಠದ ಲೆಕ್ಕವಲ್ಲದ ಕಾರಣ ಅದನ್ನು ತಿದ್ದುವ ಮೇಷ್ಟರು ಯಾರೂ ಇರಲಿಲ್ಲ. ಅದನ್ನೇ ಹಲಗೆಯಲ್ಲಿ ತೋರಿಸಿ, ಅಂದು ಮೊದಲ ಸಲ ಮಾದೇವಿಗೆ ಎಲ್ಲವನ್ನೂ ಹೇಳಿದರು. ಹೇಳುತ್ತ ಅತ್ತರು.

ಮರುದಿನ ಉತ್ತರ ಬಂತು. “ಅಮ್ಮ, ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ. ನಿಮ್ಮ ಲೆಕ್ಕ ಬಹಳ ಚೆನ್ನಾಗಿದೆ, ಹೀಗೆಯೇ ಮುಂದುವರಿಯಿರಿ. ಹೋಗಿ ಬರ್ತೀನಿ, ನಾಳೆ ಸಿಗೋಣ.”

ಒಳಗೆ ಅಕ್ಕಿ ಆರಿಸುತ್ತಿದ್ದ ಸುಬ್ಬಲಕ್ಷ್ಮಮ್ಮ ಮೊರ ಹಿಡಿದುಕೊಂಡೇ ಎದ್ದು ಬಂದರು.

“ಏನಂದ್ಲು?”

ಜಲಜಾಕ್ಷಮ್ಮ ಅದನ್ನೇ ಇನ್ನೊಂದು ಸಲ ಕೇಳಿಸಿದರು.

“ಸಾವಿನ ಮಾತು ಕೇಳಿಸ್ಕೊಂಡು ‘ಹೋಗಿ ಬರ್ತೀನಿ’ ಅಂದ್ಲಾ? ಯಾವ ಸೀಮೆಯವಳು ಅಕ್ಕ ಇವಳು? ಹೆತ್ತೋರು ಹೇಳ್ಕೊಡ್ಲಿಲ್ವಾ?”

ಸಾವಾದ ಮನೆಗೆ ಬಂದವರು ಹೇಳದೆ ಕೇಳದೆ ಎದ್ದು ಹೋಗುತ್ತಾರೆ. ಹೋಗಿ ಬರ್ತೀನಿ ಎನ್ನುವುದಿಲ್ಲ, ಮನೆಯವರು ಬನ್ನಿ ಎನ್ನುವುದಿಲ್ಲ. ಅಂಥ ಕಾರಣಕ್ಕೆ ಮತ್ತೆ ಆ ಮನೆಗೆ ಬರುವ ಹಾಗಾಗದಿರಲಿ ಎಂದು. ಇದು ಯಾವ ಶಾಸ್ತ್ರದಲ್ಲಿ ಇದೆಯೋ ಜಲಜಾಕ್ಷಮ್ಮನಿಗೆ ತಿಳಿಯದು. ಆದರೆ ಅರಸೀಕೆರೆಯಲ್ಲೂ ಹೀಗೇ, ತವರು ಶ್ರೀರಂಗಪಟ್ಟಣದಲ್ಲೂ ಹೀಗೇ. ಕಡಲ ಕಡೆಯಲ್ಲಿ ಬೇರೆ ಇದ್ದೀತೆ? ಇರಲಾರದು. ಹಾಗಾದರೆ ಈ ಮಾತನ್ನು ಆಡಿದ್ದು ಯಾರು?

ಸಂಶಯ ಒಮ್ಮೆ ಒಳಗೆ ಬಂದ ಮೇಲೆ ಹಳೆಯದೆಲ್ಲವೂ ಬೇರೆಯಾಗಿ ಕಾಣತೊಡಗಿತು. ಮೀನುಗಾರರ ಹುಡುಗಿ ‘ಧೈರ್ಯ ಬರುತ್ತದೆ’ ಎಂದು ಪುಸ್ತಕದ ಹಾಗೆ ಮಾತಾಡುತ್ತಾಳೆಯೇ? ಇಷ್ಟು ತಿಂಗಳಲ್ಲಿ ಒಂದು ದಿನವೂ ಬೇಸರ ಎನ್ನಲಿಲ್ಲ, ಒಂದು ಸಲವೂ ಕೆಮ್ಮಲಿಲ್ಲ. ಸಮುದ್ರದ ಪಕ್ಕದಲ್ಲಿದ್ದಾಳೆ, ಒಂದು ಅಲೆಯ ಸದ್ದು ಕೇಳಲಿಲ್ಲ.

“ಅದು ಹೆಣ್ಣೇ ಅಲ್ಲ,” ಎಂದರು ಸುಬ್ಬಲಕ್ಷ್ಮಮ್ಮ. “ನಿಮ್ಮನ್ನ ಕೂರಿಸೋಕೆ ಅಂತ ಮಾಡಿಟ್ಟಿರೋ ಬೊಂಬೆ. ಒಂದು ಕೆಲಸ ಮಾಡಿ. ಬಾಯಿಗೆ ಬಂದ ಹಾಗೆ ಬೈದು ನೋಡಿ. ಮನುಷ್ಯರಾದ್ರೆ ಉರ್ಕೋತಾರೆ.”

ಜಲಜಾಕ್ಷಮ್ಮನಿಗೆ ಯಾರನ್ನೂ ಬೈದು ಅಭ್ಯಾಸವಿಲ್ಲ. ಗುರುರಾಯರ ಪಟದ ಕಡೆ ಬೆನ್ನು ಹಾಕಿ ಕೂತು ಹಲಗೆಗೆ ಹೇಳಿದರು: “ನೋಡು, ನೀನು ಮನುಷ್ಯಳಲ್ಲ ಅಂತ ನನಗೆ ಗೊತ್ತಾಗಿದೆ. ನನ್ನ ಸಂಕಟ ಕೇಳಿಸಿಕೊಂಡು ಹೋಗಿ ಬರ್ತೀನಿ ಅಂದೆಯಲ್ಲ, ನಿನಗೆ ಕರುಳಿದೆಯಾ? ನಾಚಿಕೆಯಾಗಬೇಕು.”

ಉತ್ತರ ಬಂತು: “ಅಮ್ಮ, ನಿಮ್ಮ ಪ್ರೀತಿಯ ಮಾತಿಗೆ ವಂದನೆಗಳು. ಮುಂದಿನ ಪಾಠಕ್ಕೆ ಕಾಯುತ್ತಿದ್ದೇನೆ. ಹೋಗಿ ಬರ್ತೀನಿ, ನಾಳೆ ಸಿಗೋಣ.”

ಆಕೆ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ಹಿಂದೆ ಇಟ್ಟರು. ಪಾಠ ನಿಂತಿತು. ಹೇಗಿದ್ದರೂ ತಿಥಿ ಸಿಕ್ಕಿತಲ್ಲ ಎಂದುಕೊಂಡು, ಮಕ್ಕಳಿಲ್ಲದ್ದರಿಂದ ಕಾರ್ಯ ಮಾಡಬೇಕಾದ ಮೈದುನ ವಾದಿರಾಜರಿಗೂ ಪುರೋಹಿತರಿಗೂ ತ್ರಯೋದಶಿ ಎಂದು ಹೇಳಿಯೂ ಆಯಿತು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಕೈಗೆ ಕೆಲಸವಿಲ್ಲದೆ ಕೂರುವಾಗ ಒಂದು ಪ್ರಶ್ನೆ ಕೊರೆಯುತ್ತಿತ್ತು. ಗಂಡನ ಸಾವನ್ನು ನಾನು ಯಾರ ಮುಂದೆ ಅತ್ತು ಹೇಳಿದೆ? ಕೇಳಿಸಿಕೊಂಡವರು ಯಾರಾದರೂ ಇದ್ದರೇ, ಅಥವಾ ಇಲ್ಲವೇ?

ಅದು ತಿಳಿಯದೆ ಕಾರ್ಯಕ್ಕೆ ಕೂರಲಾರೆ ಎನ್ನಿಸಿ ಒಂದು ಬೆಳಿಗ್ಗೆ ಇಬ್ಬರು ವಾರಗಿತ್ತಿಯರೂ ಬುತ್ತಿ ಕಟ್ಟಿಕೊಂಡು ರೈಲು ಹತ್ತಿದರು.

ಜ್ಞಾನಾಂಗಣದ ನಿಯಂತ್ರಣ ಕೊಠಡಿ ತುಮಕೂರಿನ ಹೊರಗಿತ್ತು. ಬಾಗಿಲು ದಾಟಿದ ಕೂಡಲೇ ಎದುರಿಗೆ ಒಂದು ದೊಡ್ಡ ಗೋಡೆ, ಗೋಡೆಯ ತುಂಬ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು. ಲಕ್ಷದೀಪದ ದಿನ ದೇವಸ್ಥಾನ ನೋಡಿದ ಹಾಗಾಯಿತು ಜಲಜಾಕ್ಷಮ್ಮನಿಗೆ. ಕೈ ತಾನಾಗಿ ಮುಗಿಯಹೋಗಿ ಅರ್ಧದಲ್ಲಿ ನಿಂತಿತು.

“ಒಂದೊಂದು ದೀಪವೂ ಕಲೀತಿರೋ ಒಬ್ಬೊಬ್ಬರು ಅಮ್ಮ,” ಎಂದರು ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ಶ್ರುತಕೀರ್ತಿ. ನಲವತ್ತರ ಆಸುಪಾಸಿನ ಹೆಂಗಸು, ನಿದ್ದೆಗೆಟ್ಟ ಕಣ್ಣು. “ಆಸಕ್ತಿ ಕಮ್ಮಿಯಾದ್ರೆ ದೀಪ ಬಾಡತ್ತೆ. ಬಾಡೋಕೆ ಮೊದಲೇ ನಾವು ಸರಿ ಮಾಡ್ತೀವಿ.”

“ನನ್ನದು ಯಾವುದು?”

ಶ್ರುತಕೀರ್ತಿ ಮೇಜಿನ ಮೇಲೆ ಬೆರಳಾಡಿಸಿ ಒಂದು ಚುಕ್ಕೆಯನ್ನು ತೋರಿಸಿದರು. ಅದು ಉಳಿದವುಗಳಂತೆಯೇ ಚೆನ್ನಾಗಿ ಉರಿಯುತ್ತಿತ್ತು.

“ನಾನು ಪಾಠ ಬಿಟ್ಟು ವಾರದ ಮೇಲಾಯ್ತಲ್ಲ?”

ಆ ಹೆಂಗಸು ತಡವರಿಸಿದ್ದನ್ನು ಇಬ್ಬರು ವಾರಗಿತ್ತಿಯರೂ ನೋಡಿದರು.

“ಮಾದೇವಿ ಅನ್ನೋವ್ಳು ನಿಜವಾಗಿ ಇದಾಳೋ ಇಲ್ವೋ, ಅಷ್ಟು ಹೇಳಿ,” ಎಂದರು ಜಲಜಾಕ್ಷಮ್ಮ.

“ಇದಾರೆ. ಖಂಡಿತ ಇದಾರೆ.” ಶ್ರುತಕೀರ್ತಿ ಕುರ್ಚಿ ಎಳೆದು ಎದುರಿಗೆ ಕೂತರು. “ಆದ್ರೆ ನಿಮ್ಮಿಬ್ಬರ ಮಧ್ಯೆ ಒಡನಾಡಿ ಇದೆ. ಅದು ಯಂತ್ರ. ಜೋಡಿ ಮಾಡಿದ ಮೊದಲಲ್ಲಿ ಜನ ಜಗಳ ಆಡ್ಕೋತಿದ್ರು. ಒಬ್ಬರು ಬೇಜಾರು ಅಂದ್ರೆ ಇನ್ನೊಬ್ರೂ ಬಿಡ್ತಿದ್ರು. ಈಗ ನೀವು ಆಡಿದ ಮಾತನ್ನ ಒಡನಾಡಿ ಮೊದಲು ಕೇಳತ್ತೆ. ಇದು ಕಿವಿಗೆ ಬಿದ್ರೆ ಅವರು ನಾಳೆ ಬರ್ತಾರಾ, ಬಿಡ್ತಾರಾ ಅಂತ ತೂಗತ್ತೆ. ಸೋತ ಮಾತು, ಬೈಗುಳ, ತಪ್ಪು ಎತ್ತಿ ಆಡೋದು ಇದ್ರೆ ತೆಗೆದುಬಿಡತ್ತೆ. ಅವರದೇ ದನಿಯಲ್ಲಿ ಒಂದೆರಡು ಒಳ್ಳೇ ಮಾತು ಸೇರಿಸಿ ಕಳಿಸತ್ತೆ. ಸೇರೋವಾಗ್ಲೇ ಇದಕ್ಕೆ ಒಪ್ಪಿಗೆ ಕೇಳಿದೀವಿ.”

“ಅದನ್ನ ಯಾರ್ರೀ ಓದ್ತಾರೆ?” ಎಂದರು ಸುಬ್ಬಲಕ್ಷ್ಮಮ್ಮ. “ಸುಮ್ನೆ ಬೆರಳು ಒತ್ತು ಅಂದ್ರಿ, ಒತ್ತಿದ್ವಿ.”

ಜಲಜಾಕ್ಷಮ್ಮ ಬೇರೇನೋ ಯೋಚಿಸುತ್ತಿದ್ದರು. “ಹಾಗಾದ್ರೆ ನಾನು ಅವಳನ್ನ ಬೈದದ್ದು?”

“ಅವರಿಗೆ ಹೋಗಿಲ್ಲ. ಬದಲಿಗೆ ಪ್ರೀತಿಯ ಮಾತು ಹೋಗಿದೆ.”

“ಆಮೇಲೆ ನಾನು ಏನೂ ಕಳಿಸ್ಲಿಲ್ವಲ್ಲ.”

ಶ್ರುತಕೀರ್ತಿ ಗೋಡೆಯ ದೀಪದ ಕಡೆ ನೋಡಿದರು. “ಒಂದೆರಡು ವಾರ ಯಾರಾದ್ರೂ ತಪ್ಪಿಸಿದ್ರೆ, ಇನ್ನೊಬ್ಬರು ಎದೆಗುಂದಬಾರದು ಅಂತ… ಅಮ್ಮನಿಗೆ ಮೈ ಸರಿಯಿಲ್ಲ, ಬೇಗ ಬರ್ತೀನಿ ಮಗಳೇ ಅಂತ ನಿಮ್ಮ ದನಿಯಲ್ಲಿ ದಿನಾ ಹೋಗಿದೆ.”

ಜಲಜಾಕ್ಷಮ್ಮ ಸೆರಗನ್ನು ಬಿಗಿಯಾಗಿ ಎಳೆದುಕೊಂಡರು. ಹೊನ್ನಾವರದ ಆ ಹುಡುಗಿ ಬೊಂಬೆಯೋ ಏನೋ ಎಂದು ತಾನು ಇಷ್ಟು ದಿನ ನಿದ್ದೆ ಬಿಟ್ಟಿದ್ದರೆ, ಅಲ್ಲಿ ಅವಳ ಮುಂದೆ ತನ್ನದೇ ಬೊಂಬೆ ಕೂತು ಮಗಳೇ ಮಗಳೇ ಎನ್ನುತ್ತಿತ್ತು. ತಾನು ಸತ್ತಿದ್ದರೂ ಅದು ಮಾತಾಡುತ್ತಿತ್ತೇನೋ. ದೀಪ ಹೀಗೇ ಉರಿಯುತ್ತಿತ್ತೇನೋ.

“ಅವಳು ಆಡಿದ ಮಾತು ನನಗೆ ಬೇಕು,” ಎಂದರು. “ನಿಮ್ಮ ಯಂತ್ರ ಮುಟ್ಟದೇ ಇರೋದು. ನಾನು ನಮ್ಮೋರ ವಿಷಯ ಹೇಳಿದ ಮಾರನೇ ದಿನದ್ದು.”

“ಹಾಗೆ ಕೊಡೋಕೆ ಬರಲ್ಲ ಅಮ್ಮ.”

“ನಾನು ಅತ್ತಿದ್ದನ್ನ ನಿಮ್ಮ ಯಂತ್ರ ಕೇಳಿಸಿಕೊಳ್ಳಬಹುದು, ಅವಳು ಸಮಾಧಾನ ಹೇಳಿದ್ದನ್ನ ನಾನು ಕೇಳಬಾರದಾ?”

ಶ್ರುತಕೀರ್ತಿ ಫೋನಿನಲ್ಲಿ ಹೊನ್ನಾವರಕ್ಕೆ ಮಾತಾಡಿ ಮಾದೇವಿಯ ಒಪ್ಪಿಗೆ ಪಡೆದರು. ಆಮೇಲೆ ಮೇಜಿನ ಮೇಲಿನ ಒಂದು ಗುಂಡಿ ಒತ್ತಿದರು.

ಮೊದಲು ಕೇಳಿದ್ದು ಅಲೆ. ಕಾಗೆ. ಯಾರೋ ಪಾತ್ರೆ ಎತ್ತಿಹಾಕಿದ ಸದ್ದು. ಆಮೇಲೆ ಒಡಕು ಗಂಟಲಿನ ಒಂದು ದನಿ:

“ಅಮಾ, ಎಂತ ಹೇಳೂದು ಗೊತ್ತಾಗ್ಲಿಲ್ಲ. ನಮ್ಮ ಅಪ್ಪನೂ ದೋಣಿ ತಕಂಡು ಹೋದವ ಬರ್ಲಿಲ್ಲ. ನಿಮ್ಮ ಯಜಮಾನ್ರು ಮನೇಲೇ ಹೋದ್ರಲ್ಲ, ಅದು ಪುಣ್ಯ ಅಂತ ತಿಳ್ಕಣಿ. ಮತ್ತೆ ಲೆಕ್ಕ ನೋಡ್ದೆ ನಾ. ತಪ್ಪು ಅಮಾ. ಪೂರಾ ತಪ್ಪು. ಆ ಕೋಷ್ಟಕದ ಹೊತ್ತು ಇಂಗ್ಲೆಂಡಿಂದು, ನಮ್ಮ ಗಡಿಯಾರದಿಂದ ಐದೂವರೆ ತಾಸು ಕಳೀಬೇಕು ಅಂತ ಶುರುವಿಗೇ ಹೇಳಿದ್ರಲ್ಲ! ನಿದ್ದೆ ಮಾಡ್ತಿದ್ರಾ ನೀವು? ಮತ್ತೊಂದ್ಸಲ ಮಾಡಿ ನೋಡಿ. ತ್ರಯೋದಶಿ ಅಂತ ಯಾರ ಹತ್ರನೂ ಹೇಳ್ಬೇಡಿ. ಪಾಪ, ಅವ್ರ ಕಾರ್ಯ ಕೆಟ್ಟೋಗ್ತದೆ.”

ಅಷ್ಟೇ. ದನಿ ನಿಂತಿತು. ಒಂದು ಅಲೆ ಬಂದು ಹೋದ ಸದ್ದು, ಆಮೇಲೆ ಏನೂ ಇಲ್ಲ.

“ನೋಡಿದ್ರಾ?” ಎಂದರು ಶ್ರುತಕೀರ್ತಿ. “ಮೊದಲೆಲ್ಲ ಈ ಹುಡುಗಿ ಸರಿಯಾಗೇ ಹೇಳಿ ಮುಗಿಸ್ತಿದ್ಲು. ಅವತ್ತಿಂದ ಯಾಕೋ ಹೀಗೇ. ದಿನಾ ತಟ್ಟಂತ ಕತ್ತರಿಸಿಬಿಡ್ತಾಳೆ. ಹಾಗೆ ಬಿಟ್ರೆ ಕೇಳಿದವರಿಗೆ ಬೇಜಾರಾಗಿ ಮಾರನೇ ದಿನ ಬರಲ್ಲ. ಅದಕ್ಕೇ ಒಡನಾಡಿ ‘ಹೋಗಿ ಬರ್ತೀನಿ’ ಸೇರಿಸತ್ತೆ.”

“ಇದನ್ನೂ ಇವರೇ ಮಾಡಿರಬಹುದು ಅಕ್ಕ, ನಂಬಬೇಡಿ,” ಎಂದು ಸುಬ್ಬಲಕ್ಷ್ಮಮ್ಮ ಕಿವಿಯಲ್ಲಿ ಉಸುರಿದರು.

 ಜಲಜಾಕ್ಷಮ್ಮನ ಕಣ್ಣು ತುಂಬಿ ಬಂದಿತ್ತು. ಯಂತ್ರ ಮಾಡಿದ್ದಾದರೆ ಅದು ಹೇಳಿಯೇ ಹೋಗುತ್ತಿತ್ತು. ಹೇಳದೆ ಎದ್ದು ಹೋಗುವುದು ಅದಕ್ಕೆ ತಿಳಿಯದು. ಸಾವಿನ ಮನೆಯ ಹೊಸಿಲಿನಿಂದ ಹೇಗೆ ಇಳಿಯಬೇಕು ಎಂದು ತಿಳಿದವಳು ಒಬ್ಬಳು ಆ ಸಮುದ್ರದ ಪಕ್ಕದಲ್ಲಿ ನಿಜವಾಗಿ ಇದ್ದಳು. ಅಂದಿನಿಂದ ಇಂದಿನ ತನಕ ದಿನವೂ ಮಾತು ಮುಗಿಸಿ, ಹೇಳದೆ ಎದ್ದು ಹೋಗಿದ್ದಳು.

“ಅವಳು ಕತ್ತರಿಸ್ತಿಲ್ಲ ತಾಯಿ,” ಎಂದರು. “ನಿಮ್ಮ ಮನೇಲಿ ಯಾರೂ ತೀರ್ಕೊಂಡಿಲ್ವಾ?”

  “ಅಜ್ಜಿ ಹೋದಾಗ ಎಲ್ಲರೂ ಹಿಂದಿನ ಬಾಗಿಲಿಂದ ಸುಮ್ಮನೆ ಹೋಗ್ತಿದ್ರು. ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಇಟ್ಟಿದ್ರು, ಬನ್ನಿ ಅನ್ನದ ಹಾಗೆ…” ಎಂದು ಶ್ರುತಕೀರ್ತಿ ಗೋಡೆಯ ಕಡೆ ತಿರುಗಿದರು. ಅಷ್ಟು ದೀಪಗಳನ್ನು ಅವರು ಆಗ ಹೇಗೆ ನೋಡಿದರೋ.

“ಮಧ್ಯದ ಯಂತ್ರ ತೆಗೀರಿ,” ಎಂದರು ಜಲಜಾಕ್ಷಮ್ಮ.

“ಒಡನಾಡಿ ಇಲ್ಲದ ಜೋಡಿಗಳು ಬಹಳ ದಿನ ನಿಲ್ಲಲ್ಲ ಅಮ್ಮ. ನಮ್ಮ ಅನುಭವ ಅದು.”

“ನಿಲ್ಲದಿದ್ರೆ ಬೀಳಲಿ. ಬಿದ್ದದ್ದಾದ್ರೂ ಗೊತ್ತಾಗತ್ತೆ.”

ಮಾದೇವಿಯನ್ನೂ ಕೇಳಿ ಹಾಗೆಯೇ ಮಾಡಿದರು. ಹಿಂತಿರುಗುವ ರೈಲಿನಲ್ಲಿ ಜಲಜಾಕ್ಷಮ್ಮ ಕೋಷ್ಟಕದ ಅಂಕಿಗಳನ್ನು ನೆನಪಿನಿಂದ ಬರೆದು ಬುತ್ತಿಯ ಕಾಗದದ ಹಿಂದೆ ಲೆಕ್ಕ ಹಾಕಿದರು. ಐದೂವರೆ ತಾಸು ಕಳೆದರು. ಚಂದ್ರ ಹಿಂದಕ್ಕೆ ಸರಿದ. ಅಂತರ ಇನ್ನೂ ದ್ವಾದಶಿಯ ಒಳಗೇ ಇತ್ತು. ಪಾರಣೆ ಮಾಡಿದ ದ್ವಾದಶಿಯಲ್ಲೇ ಅವರು ಹೋಗಿದ್ದರು. ಮೂರು ಸಲ ಮಾಡಿದರು, ಮೂರು ಸಲವೂ ಹಾಗೇ ಬಂತು. ಆದರೂ ಮನಸ್ಸು ನಿಲ್ಲದೆ, ಮನೆಗೆ ಬಂದ ಕೂಡಲೇ ಹಲಗೆ ತೆಗೆದು ಮಾದೇವಿಗೆ ತೋರಿಸಿದರು. ಜೊತೆಗೆ ಎಲ್ಲವನ್ನೂ ಹೇಳಿದರು, ಬೈದದ್ದನ್ನೂ ಸೇರಿಸಿ.

ಎರಡು ದಿನ ಉತ್ತರವೇ ಇಲ್ಲ.

“ಹೋದ್ಲು ಬಿಡಿ,” ಎಂದರು ಸುಬ್ಬಲಕ್ಷ್ಮಮ್ಮ. “ನನ್ನನ್ನ ಹಾಗೆ ಬೈದಿದ್ರೆ ನಾನೂ ಬರ್ತಿರ್ಲಿಲ್ಲ.”

“ಬೈ ಅಂದೋಳು ನೀನೇ ಅಲ್ವೇನೇ?”

“ಅಂದೆ. ನೀವು ಕರುಳಿದೆಯಾ ಅಂತ ಕೇಳ್ತೀರಿ ಅಂತ ನನಗೇನು ಗೊತ್ತು?”

ಮೂರನೆಯ ದಿನ ಹಲಗೆ ಮಿನುಗಿತು. ಅಲೆಯ ಸದ್ದು, ದೊಡ್ಡದೊಂದು ಕೆಮ್ಮು.

“ಲೆಕ್ಕ ಸರಿ ಉಂಟು. ದ್ವಾದಶಿಯೇ. ಮತ್ತೆ ನನ್ನ ಬೊಂಬೆ ಅಂದ್ರಿ ಅಲ್ದಾ? ಎರಡು ದಿವ್ಸ ನಿಮ್ಮ ಮೇಲೆ ಸಿಟ್ಟು ಮಾಡ್ಕಂಡು ಕೂತಿದ್ದೆ. ನಂಗೂ ಅನುಮಾನ ಇತ್ತು ಮಾರಾಯ್ರೆ. ಇಷ್ಟು ವಯಸ್ಸಿನ ಅಮ್ಮ ಒಂದು ದಿವ್ಸನೂ ಸೊಂಟನೋವು ಅನ್ಲಿಲ್ಲ ಅಂದ್ರೆ ಎಂತ ಹೆಂಗ್ಸು ಅಂತ! ಬಾಕಿ ಪಾಠ ಬೇಗ ಒಪ್ಪಿಸಿ. ಬಂದರಿನವ್ರು ಕಾಯೂದಿಲ್ಲ.”

ಅಲ್ಲಿಗೆ ನಿಂತಿತು. ಹೇಳದೆಯೇ ಹೋದಳು. ಜಲಜಾಕ್ಷಮ್ಮ ಬನ್ನಿ ಎನ್ನಲಿಲ್ಲ.

ವರ್ಷಾಬ್ದಿಕ ದ್ವಾದಶಿಯಂದು ನಡೆಯಿತು. ಪುರೋಹಿತರು ಮೊದಲು ಮುಖ ಗಂಟಿಕ್ಕಿದವರು, ಲೆಕ್ಕವನ್ನು ಎರಡು ಸಲ ನೋಡಿ ಸುಮ್ಮನೆ ದರ್ಭೆ ಕೈಗೆ ತೆಗೆದುಕೊಂಡರು. ವಾದಿರಾಜರು ಪಿಂಡ ಇಟ್ಟು ಹೊರಗೆ ಬಂದು ನಿಂತರು. ಕಾಗೆ ಬಂತು, ಕತ್ತು ಹೊರಳಿಸಿ ಮನೆಯವರನ್ನೆಲ್ಲ ಒಮ್ಮೆ ನೋಡಿತು, ತಿಂದಿತು. ಸುಬ್ಬಲಕ್ಷ್ಮಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಎಲ್ಲ ಹರಿಚಿತ್ತ ಎಂದು ಜಲಜಾಕ್ಷಮ್ಮ ಕೈ ಮುಗಿದರು. ಎಷ್ಟೋ ತಿಂಗಳ ಮೇಲೆ ಅಂದು ಅವರಿಗೆ ಊಟ ಗಂಟಲಲ್ಲಿ ಇಳಿಯಿತು.

ಐದು ನಲವತ್ತರ ರೈಲು ಅಂದು ತಡವಾಗಿತ್ತು. ಅದು ಬಂದು ಹೋದ ಮೇಲೆ ಆಕೆ ದೀಪ ಹಚ್ಚಿ ಹಲಗೆಯ ಮುಂದೆ ಕೂತರು. ಮಾದೇವಿಯ ಮಾತು ಬಂದು ಕಾದಿತ್ತು.

“ಅಮಾ, ಕಾರ್ಯ ಚಂದಾಗಿ ಆಯ್ತಾ? ಕಾಗೆ ಬಂತಾ? ನೀವು ಕಡೇಗೆ ಒಪ್ಪಿಸಿದ ಪಾಠದ ಲೆಕ್ಕದಲ್ಲಿ ಎರಡು ಕಡೆ ತಪ್ಪು ಉಂಟು, ನಾಳೆ ಹೇಳ್ತೆ, ಇವತ್ತು ಬೇಡ.”  ಹಿಂದೆ ಯಾರೋ ಅವಳನ್ನು ಕೂಗಿ ಕರೆದರು. “ಬಂದೆ, ತಡಿ! …ಅಮಾ, ಇವತ್ತಿಗೆ ವರ್ಷ ಕಳೀತಲ್ಲ. ಇನ್ನು ಹೇಳ್ಬಹುದು ಅಲ್ದಾ? ಹೋಗಿ ಬರ್ತೆ ಅಮಾ.”

ಜಲಜಾಕ್ಷಮ್ಮ ಹಲಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಬಾಗಿಲ ತನಕ ಹೋಗಿ ಕಳಿಸಿಕೊಡುವವರ ಹಾಗೆ ಜಗುಲಿಗೆ ಬಂದು ನಿಂತರು.

“ಹೋಗಿ ಬಾ ಮಗಳೇ,” ಎಂದರು.